ಅವ್ವ ಬ್ರೇಕ್ ಒತ್ತಿದ ದಿನ

ಇಂದು ಕೈಗೆ ಹತ್ತಿದ ಬ್ರೇಕ್ ಆಯಿಲ್ ವಾಸನೆಗೆ ನಾನು ಹುಡುಗನಾಗಿದ್ದಾಗ ಜೇವರ್ಗಿಯ ನಮ್ಮ ಅಂಗಳದಲ್ಲಿ ಕಳೆದ ಒಂದು ದಿನ ನೆನಪಾಯಿತು. ಮರುದಿನ ಟ್ರ್ಯಾಕ್ಟರಿನಲ್ಲಿ ಮನೆಮಂದಿಯೆಲ್ಲ ಘತ್ತರಗಿ ಹೊಳೆಯ ಇಳಿಜಾರು ಇಳಿಯಬೇಕಿತ್ತು, ಬ್ರೇಕ್ ಹಿಡಿಯುತ್ತಿರಲಿಲ್ಲ. ಬ್ರೇಕ್ ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಲು ಅಪ್ಪ ಗಾಲಿಯ ಬಳಿ ಕೂತು ನಟ್ಟು ಸಡಿಲಿಸಿದ, ಅವ್ವ ಸೀಟು ಹತ್ತಿ ಪೆಡಲ್ ಒತ್ತಿ ಹಿಡಿದಳು. ಇಬ್ಬರಿದ್ದರೇ ಆಗುವ ಕೆಲಸ; ಕಾಲೇಜಿನ ಇಂಗ್ಲಿಷಿನಲ್ಲಿ 'ಟು ಪರ್ಸನ್ ಜಾಬ್'. ಅಷ್ಟರಲ್ಲಿ ಅಜ್ಜ ಬಂದ. ಸೊಸೆ ಮಾವನಿಗಿಂತ ಎತ್ತರದಲ್ಲಿ ಕೂರುವಂತಿರಲಿಲ್ಲ; ನಟ್ಟು ಬಿಗಿಯುವ ಮೊದಲೇ ಅವ್ವ ಪೆಡಲ್ ಬಿಟ್ಟು ಕೆಳಗೆ ಜಿಗಿದಳು.

"ಮತ್ತ ಗಾಳಿ ಹೊಕ್ತಲ್ಲಬೇ!" ಅಪ್ಪ ಚೀರಿದ.

ಅಜ್ಜ ಗೋಡೆಯತ್ತ ಮುಖ ತಿರುಗಿಸಿದ. "ನಾ ನೋಡಂಗಿಲ್ಲ ಯವ್ವಾ, ಹತ್ತಿ ಒತ್ತು. ನಾಳಿ ಟ್ರ್ಯಾಲಿದಾಗ ನಾನೂ ಕೂಡಾಂವ."

ಬ್ರೇಕ್ ಹಿಡಿಯಿತು.

ಇಂದು ಅದೇ ಟ್ರ್ಯಾಕ್ಟರಿನ ಗಾಲಿಯ ಬಳಿ ನಾನು ಕೂತು, ನಟ್ಟು ಸಡಿಲಿಸಿ ರೂಢಿಯಂತೆ "ಒತ್ತಬೇ" ಎಂದೆ. ಪೆಡಲ್ ಒತ್ತುತ್ತಿದ್ದ ನನ್ನ ಹೆಂಡತಿ ತೀರಿಹೋಗಿ ಎರಡು ವರ್ಷ. ಗಾಳಿ ತೆಗೆಯದೆಯೇ ನಟ್ಟು ಬಿಗಿದು ಕೈ ಒರೆಸಿಕೊಂಡೆ.