ಬಿಸಿಲಿಗೆ ಪರದೆ ಎಳೆದ ಬಳ್ಳಾರಿಯವಳು

೨೦೦೮ರ ಜನವರಿ. ದೆಹಲಿಯಲ್ಲಿ ಎಂ.ಟೆಕ್. ಕೊನೆಯ ವರ್ಷದಲ್ಲಿದ್ದೆ. ಕಿಟಕಿಯ ಬ್ಲೈಂಡ್ಸ್ ಮತ್ತು ಕೋಣೆಯ ದೀಪಗಳು ತಾವಾಗಿಯೇ ಕೆಲಸ ಮಾಡುವಂಥ ವ್ಯವಸ್ಥೆ ನನ್ನ ಪ್ರಾಜೆಕ್ಟ್. ಕಿಟಕಿಯ ಸೆನ್ಸರ್ ಬೆಳಕು ಅಳೆಯುತ್ತಿತ್ತು. ಇನ್ನರ್ಧ ಗಂಟೆಯಲ್ಲಿ ಎಷ್ಟು ಬಿಸಿಲು ಬರುತ್ತದೆಂದು ಕಂಪ್ಯೂಟರ್ ಊಹಿಸುತ್ತಿತ್ತು. ಬಿಸಿಲು ಬರುವುದಿದ್ದರೆ ಮುಂಚೆಯೇ ಬ್ಲೈಂಡ್ಸ್ ಇಳಿಯಬೇಕು, ಮಬ್ಬಾದರೆ ಬ್ಲೈಂಡ್ಸ್ ಏರಿ ದೀಪ ಹತ್ತಬೇಕು. ನಾನು ಬಳ್ಳಾರಿಯವಳು. ಬಿಸಿಲು ಕಂಡರೆ ಕಿಟಕಿ ಮುಚ್ಚುವುದು ನಮಗೆ ಹುಟ್ಟುಗುಣ.

ಪ್ರಯೋಗಕ್ಕೆ ಕೋಣೆ ಕೊಡಿಸಿದ್ದು ಶಾರದಮ್ಮ. ನಮ್ಮ ಸಂಸ್ಥೆಯ ಆಫೀಸಿನಲ್ಲಿ ಹಿರಿಯ ಕ್ಲರ್ಕ್. ಮೈಸೂರಿನವರು, ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. "ನಮ್ಮ ಕಡೆ ಹುಡುಗಿ ಅಂತ ಎಲ್ಲರನ್ನೂ ಒಪ್ಸಿದೀನಿ ಕಣೆ, ಮರ್ಯಾದೆ ಉಳಿಸು" ಎಂದು ತಮ್ಮ ಸೆಕ್ಷನ್ನಿನವರು ಕೂರುವ ಕೋಣೆಯನ್ನೇ ಪ್ರಯೋಗಕ್ಕೆ ಕೊಟ್ಟಿದ್ದರು. ವಾರಕ್ಕೆರಡು ಸಲ ಚಿತ್ರಾನ್ನದ ಡಬ್ಬಿಯನ್ನೂ ತರುತ್ತಿದ್ದರು.

ಪರೀಕ್ಷಕರು ಬರುವ ದಿನ, ಮೂರು ದಿನದಿಂದ ಕವಿದಿದ್ದ ಮಂಜು ಹನ್ನೊಂದಕ್ಕೆ ಸರಿದು ಬಿಸಿಲು ಬಿತ್ತು. ನನಗೂ ಅದೇ ಬೇಕಿತ್ತು. ಅವರನ್ನು ಕರೆದುಕೊಂಡು ಒಳಗೆ ಹೋಗಿ ನೋಡಿದರೆ, ಬ್ಲೈಂಡ್ಸ್ ಪೂರ್ತಿ ಮೇಲಿವೆ. ಹಾಡಹಗಲೇ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿವೆ. ಸೆಕ್ಷನ್ನಿನ ನಾಲ್ವರು ಹೆಂಗಸರು ಕಿಟಕಿಗೆ ಬೆನ್ನು ಕೊಟ್ಟು ಕೂತು ಕಡಲೆಕಾಯಿ ಬಿಡಿಸುತ್ತಿದ್ದಾರೆ. ಸೆನ್ಸರ್ ಮೇಲೆ ಮಗುವಿನ ಕೆಂಪು ಉಲ್ಲನ್ ಟೋಪಿ!

ಕಿತ್ತು ತೆಗೆದೆ. ದೀಪ ಆರಿ, ಬ್ಲೈಂಡ್ಸ್ ಸರಸರ ಇಳಿದವು. "ಯಾರು ಹಾಕಿದ್ದು ಇದನ್ನ?" ಎಂದೆ, ಅಳು ತಡೆದುಕೊಂಡು.

ಶಾರದಮ್ಮ ಎದ್ದು ನಿಂತರು. "ನಾನೇ ಕಣೆ. ಮೊಮ್ಮಗನಿಗೆ ಹೆಣೆದಿದ್ದು. ಪರೀಕ್ಷೆ ನಾಳೆ ಅಂದ್ಕೊಂಡಿದ್ದೆ. ಮೂರು ದಿನದಿಂದ ಚಳಿಗೆ ಬೆರಳು ಮಡಚಕ್ಕಾಗ್ತಿಲ್ಲ, ಬಿಸಿಲಿಗೆ ಬಾಯಿ ಬಿಡ್ತಿದೀವಿ. ನಿನ್ನ ಮೆಷಿನ್ ಅದು ಬರೋ ಮುಂಚೇನೇ ಮುಚ್ಚಿಬಿಡುತ್ತೆ. ನಿಂಗೆ ಬೇಜಾರಾಗುತ್ತೆ ಅಂತ ಯಾರೂ ಹೇಳ್ಲಿಲ್ಲ." ಆಮೇಲೆ ಪರೀಕ್ಷಕರ ಕಡೆ ತಿರುಗಿ, ಹುಡುಗಿಯದೇನೂ ತಪ್ಪಿಲ್ಲ ಎಂದು ಹಿಂದಿಯಲ್ಲಿ ಹೇಳಿ ಕೈಮುಗಿದರು.

ಪರೀಕ್ಷಕರು ಹಿಂದಿನ ವಾರಗಳ ದಾಖಲೆಯನ್ನೆಲ್ಲ ನೋಡಿದರು. ಊಹೆ ಸರಿಯಾಗಿಯೇ ಇದೆ, ಆದರೆ ದೆಹಲಿಯ ಜನವರಿಯಲ್ಲಿ ಯಾರಾದರೂ ಬಿಸಿಲನ್ನು ಹೊರಗಿಡುತ್ತಾರೆಯೇ, ಇಲ್ಲಿ ಕೂರುವವರನ್ನು ಒಮ್ಮೆಯಾದರೂ ಕೇಳಿದ್ದೀಯಾ ಎಂದರು. ಕೇಳಿರಲಿಲ್ಲ. ಸರಿಪಡಿಸದಿದ್ದರೆ ಫೇಲ್ ಎಂದು ಹೇಳಿ, ಮೂರು ವಾರ ಗಡುವು ಕೊಟ್ಟು ಹೋದರು.

ಆ ಮೂರು ವಾರ ಸೆಕ್ಷನ್ನಿನಲ್ಲೇ ಕೂತೆ. ಯಾರ ಮಾನಿಟರ್ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಯಾರ ಮಂಡಿಗೆ ಬಿಸಿಲು ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ಮೊದಲೆರಡು ದಿನ ಶಾರದಮ್ಮನ ಜೊತೆ ಮುಖ ಊದಿಸಿಕೊಂಡೇ ಇದ್ದೆ. ಅವರು ಬಿಡಬೇಕಲ್ಲ! ತಾವೇ ಕುರ್ಚಿ ಎಳೆದುಕೊಂಡು ಬಂದು, ಎಷ್ಟು ಹೊತ್ತಿಗೆ ಯಾರ ಮೇಜಿಗೆ ಬಿಸಿಲು ಬರುತ್ತದೆಂದು ಬಾಯಿಪಾಠ ಒಪ್ಪಿಸಿದರು. ಅದರಂತೆ ವ್ಯವಸ್ಥೆಯನ್ನು ತಿದ್ದಿದೆ: ಚಳಿಗಾಲದಲ್ಲಿ ಮಂಜಿರುವಾಗ ಚಳಿ ತಡೆಯಲು ಬ್ಲೈಂಡ್ಸ್ ಇಳಿದಿರಬೇಕು, ಬಿಸಿಲು ಬರುವುದಿದ್ದರೆ ಮುಂಚೆಯೇ ಏರಬೇಕು.

ಪರೀಕ್ಷಕರು ಮತ್ತೆ ಬಂದ ಬೆಳಿಗ್ಗೆಯೂ ಹೊರಗೆ ದಟ್ಟ ಮಂಜು. ಹತ್ತೂವರೆಗೆ ಕಿಟಕಿಯ ಬ್ಲೈಂಡ್ಸ್ ತಾವಾಗಿಯೇ ಮೇಲೇರಿದವು. ಹೊರಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಹತ್ತು ನಿಮಿಷ ಕಳೆಯಿತು, ಕಾಲು ಗಂಟೆಯಾಯಿತು. ಆಮೇಲೆ ಎಳೆಬಿಸಿಲು ಒಳಗೆ ಬಂದು ನೇರ ಶಾರದಮ್ಮನ ಬೆನ್ನಿನ ಮೇಲೆ ಬಿತ್ತು.

ಪರೀಕ್ಷಕರು ಏನಾದರೂ ಹೇಳುವ ಮೊದಲೇ ಶಾರದಮ್ಮ ನನ್ನ ಕೈಹಿಡಿದು ಪಕ್ಕಕ್ಕೆಳೆದು ಕೂರಿಸಿಕೊಂಡರು. "ಬಾ, ಬೆನ್ನು ಕಾಯಿಸ್ಕೋ." ಆ ಬಿಸಿಲಲ್ಲಿ ಕೂತು ಅತ್ತಷ್ಟು ಸುಖವಾಗಿ ನಾನು ಇನ್ನೆಲ್ಲೂ ಅತ್ತಿಲ್ಲ.