ವಿಭೂತಿ ಹಚ್ಚಿದ ಕ್ಯಾಸೆಟ್ಟು

ಪಿಯುಸಿ ಎರಡನೇ ವರ್ಷದಲ್ಲಿ ನಾನು ಜೀವಶಾಸ್ತ್ರದಲ್ಲಿ ಡುಮ್ಕಿ ಹೊಡೆದೆ. ಅಕ್ಟೋಬರ್ ಪರೀಕ್ಷೆಯಲ್ಲೂ ಬಿದ್ದರೆ ಕಾಲೇಜು ಸಾಕು, ಮನೆಯಲ್ಲಿರು ಎಂದು ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ. ನನ್ನ ತಲೆಗೆ ಹತ್ತದೇ ಇದ್ದದ್ದು ಹೃದಯದ ಪಾಠ. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾವ ಕವಾಟ ಯಾವಾಗ ಮುಚ್ಚುತ್ತದೆ, ಪುಸ್ತಕ ನೋಡಿ ಎಷ್ಟು ಉರು ಹೊಡೆದರೂ ಕಣ್ಣಿಗೆ ಕಟ್ಟುತ್ತಿರಲಿಲ್ಲ.

ಬ್ಯಾಡಗಿಯ ದೊಡ್ಡಪ್ಪನ ಮನೆಯಲ್ಲಿ ಟಿವಿ ಜೊತೆಗೆ ವಿಸಿಆರ್ ಇತ್ತು. ಮಧ್ಯಾಹ್ನ ಟಿವಿಯಲ್ಲಿ ಕಾಲೇಜಿನವರಿಗೆಂದು ಇಂಗ್ಲಿಷಿನಲ್ಲಿ ವಿಜ್ಞಾನದ ಪಾಠ ಬರುತ್ತಿತ್ತು. ಹೃದಯದ ಪಾಠ ಬಂದ ದಿನ ದೊಡ್ಡಪ್ಪ ಅದನ್ನು ಕ್ಯಾಸೆಟ್ಟಿಗೆ ತುಂಬಿಸಿ, ರಾಣೇಬೆನ್ನೂರಿನ ನಮ್ಮ ಮನೆಗೆ ಹೇಳಿಕಳಿಸಿದ. ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಚಿತ್ರ ಬರೆದುಕೊಳ್ಳಬಹುದು! ಖುಷಿಯಿಂದ ಬಸ್ಸು ಹತ್ತಿದೆ.

ಆ ಮನೆಯಲ್ಲಿ ಓದುವುದೂ ಒಂದೇ, ಸಂತೆಯಲ್ಲಿ ಕೂರುವುದೂ ಒಂದೇ. ಒಳ್ಳೆಯ ದರ ಬರಲೆಂದು ದೊಡ್ಡಪ್ಪ ಉಳಿಸಿಕೊಂಡಿದ್ದ ಮೆಣಸಿನಕಾಯಿಯ ರಾಶಿ ಪಡಸಾಲೆಯಲ್ಲಿ, ಟಿವಿಯ ಮುಂದೆಯೇ. ಅದರ ಸುತ್ತ ತೊಟ್ಟು ಬಿಡಿಸುವ ಓಣಿಯ ಹೆಂಗಸರು. ಅವರಿಗೆ ಸಿನಿಮಾ ಬೇಕು, ನನಗೆ ಪಾಠ ಬೇಕು, ನಡುವೆ ಘಾಟಿಗೆ ಎಲ್ಲರಿಗೂ ಸೀನು. ಹಟ ಹಿಡಿದು ಒಮ್ಮೆ ಕ್ಯಾಸೆಟ್ಟು ಹಾಕಿದೆ. ಯಾರೋ ನಿಜವಾದ ಹೃದಯವನ್ನು ಚಾಕುವಿನಿಂದ ಸೀಳುವುದು ಕಂಡದ್ದೇ, ಒಬ್ಬ ಅಜ್ಜಿ ಕುರಿ ಕೊಯ್ಯುವುದನ್ನೇ ತೋರಿಸುತ್ತಾರಲ್ಲ ಎಂದು ಮುಖಕ್ಕೆ ಸೆರಗು ಮುಚ್ಚಿಕೊಂಡು, ಮೈಲಿಗೆ ಕಳೆಯಲು ಜಳಕ ಮಾಡುತ್ತೇನೆಂದು ಮನೆಗೆ ಹೋದಳು. ಜನ ಇದ್ದಾಗ ಅದನ್ನು ಹಾಕಕೂಡದೆಂದು ದೊಡ್ಡವ್ವ ಅಪ್ಪಣೆ ಮಾಡಿದಳು. ಜನ ಇಲ್ಲದಾಗ ಕರೆಂಟ್ ಇರುತ್ತಿರಲಿಲ್ಲ.

ಉಳಿದದ್ದು ದಸರೆಯ ಸಂಜೆ ಒಂದೇ. ಬನ್ನಿ ಎಲೆ ಕೊಟ್ಟು ಬರಲು ಎಲ್ಲರೂ ಹೊರಗೆ ಹೋಗುತ್ತಾರೆ, ಮನೆ ಖಾಲಿ. ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ನಾನು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದರೆ, ದೊಡ್ಡವ್ವ ಪಡಸಾಲೆಯಲ್ಲಿ ತಕ್ಕಡಿ, ಕುಡುಗೋಲು, ಹೊಲಿಗೆ ಯಂತ್ರ, ವಿಸಿಆರ್ ಎಲ್ಲಕ್ಕೂ ಪೂಜೆ ಮಾಡುತ್ತಿದ್ದಳು.

ಮರುದಿನ ಎಲ್ಲರೂ ಹೋದ ಮೇಲೆ ಚಿಲಕ ಹಾಕಿದೆ. ಕರೆಂಟ್ ಇತ್ತು. ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕ್ಯಾಸೆಟ್ಟು ಹಾಕಿದರೆ ಪರದೆ ತುಂಬ ಬಿಳಿ ಬಿಳಿ ಗೆರೆ. ಪಾಠ ಹೇಳುವವರ ದನಿ ಮಾತ್ರ ನಡೆದಿದೆ, ಚಿತ್ರದ ಸುಳಿವೇ ಇಲ್ಲ. ಕ್ಯಾಸೆಟ್ಟು ಹೊರಗೆ ತೆಗೆದು ಮುಂದಿನ ಮುಚ್ಚಳ ಎತ್ತಿ ನೋಡಿದೆ. ಟೇಪಿನ ಮೇಲೆಲ್ಲ ವಿಭೂತಿಯ ಪುಡಿ, ಒಂದು ಕಡೆ ಕುಂಕುಮದ ಕಲೆ. ಆ ಪುಡಿಯೆಲ್ಲ ಯಂತ್ರದ ಹೊಟ್ಟೆಗೂ ಇಳಿದಿತ್ತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ದೊಡ್ಡವ್ವ ಬನ್ನಿ ಹಿಡಿದುಕೊಂಡು ಬಂದಾಗ ನಾನು ಅಳುತ್ತ ಕ್ಯಾಸೆಟ್ಟನ್ನು ಅವಳ ಮುಖದ ಮುಂದೆ ಹಿಡಿದೆ. ಅವಳಿಗೆ ನಾನು ಯಾಕೆ ಅಳುತ್ತಿದ್ದೇನೆಂದೇ ತಿಳಿಯಲಿಲ್ಲ.

"ಬರೇ ಡಬ್ಬಿಗೆ ಹಚ್ಚಿದ್ರ ಏನ್ ಬಂತವ್ವಾ? ಪಾಠ ಇರೂದು ಒಳಗಿನ ಕರೀ ಪಟ್ಟಿಯೊಳಗ ಅಂತ ನಿಮ್ಮ ದೊಡ್ಡಪ್ಪನ್ನ ಕೇಳೇ ಹಚ್ಚೇನಿ," ಎಂದಳು. "ನೀ ಪಾಸಾಗಲಿ ಅಂತ."

ಲಂಗದ ಚುಂಗಿನಿಂದ ಟೇಪು ಒರೆಸಲು ನೋಡಿದೆ, ಕುಂಕುಮ ಇನ್ನಷ್ಟು ಹರಡಿತು.

ವಿಸಿಆರ್ ರಿಪೇರಿಗೆಂದು ಹಾವೇರಿಗೆ ಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು. ಹೃದಯದ ಚಿತ್ರವನ್ನೇ ಕೇಳಿದ್ದರು. ನಾಲ್ಕು ಕೋಣೆ ಬರೆದೆ. ರಕ್ತದ ಬಾಣಗಳನ್ನು ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಯದೆ ಗಂಟೆ ಹೊಡೆಯುವವರೆಗೂ ಅಳಿಸಿ ಅಳಿಸಿ ಬರೆದೆ.

ಮತ್ತೆ ಫೇಲ್. ಅಪ್ಪ ಆಡಿದ ಮಾತಿನಂತೆಯೇ ನಡೆದುಕೊಂಡ, ನನ್ನ ಕಾಲೇಜು ಅಲ್ಲಿಗೇ ನಿಂತಿತು. ಸುದ್ದಿ ತಿಳಿದು ದೊಡ್ಡವ್ವ ಬ್ಯಾಡಗಿಯಿಂದ ಬಂದಳು. ನನ್ನ ಪಕ್ಕದಲ್ಲಿ ಕೂತು ತಲೆ ಸವರಿದಳು. ಆಮೇಲೆ, ತಪ್ಪು ತನ್ನದೇ ಎನ್ನುವ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ಅವತ್ತ ವಿಭೂತಿ ಸ್ವಲ್ಪ ಕಡಿಮಿ ಬಿತ್ತು ಅಂತ ಕಾಣಸ್ತೈತಿ, ತಂಗಿ."