ಅಜ್ಜಿ ಬಿಟ್ಟುಕೊಟ್ಟ ಜಗಲಿ

ಅರಿಸಿನ ಬೇಯಿಸುವಾಗ ಏಳುವ ಆವಿಗೆ ಒಂದು ವಾಸನೆಯಿದೆ. ಹಸಿಮಣ್ಣಿನದೂ ಅಲ್ಲ, ಮದ್ದಿನದೂ ಅಲ್ಲ, ಎರಡನ್ನೂ ಕಲಸಿದ ಹಾಗೆ. ಡಿಗ್ರಿ ಓದಲು ಚಾಮರಾಜನಗರಕ್ಕೆ ಬಂದ ಮೇಲೂ, ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳನುಗ್ಗಿದರೆ ಸಾಕು, ಉಡಿಗಾಲದ ನಮ್ಮ ಹಳೇ ಮನೆಯ ಜಗಲಿ ಮೇಲೆ ಕೂತುಬಿಟ್ಟಿರುತ್ತೇನೆ. ಆ ಜಗಲಿ ಈಗಿಲ್ಲ. ಅಪ್ಪ, ಚಿಕ್ಕಪ್ಪ ಭಾಗವಾದಾಗ ಅದನ್ನು ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡಿದರು. ನಿಮ್ಮೂರಲ್ಲೂ ಹೀಗೇ ಆಗಿರಬೇಕು, ಬಿಡಿ.

ಅದು ಅಪ್ಪನ ತಾಯಿಯ, ನಮ್ಮಜ್ಜಿಯ ಜಗಲಿ. ಬೆಳಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ಕೂತರೆ ಬೀದಿಯಲ್ಲಿ ಹೋಗುವ ಒಬ್ಬರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲಿಗೆ ಹೊರಟದ್ದು, ಚೀಲದಲ್ಲೇನು, ಸೊಸೆಗೆ ಎಷ್ಟು ತಿಂಗಳು, ಎಲ್ಲ ಗೊತ್ತಾಗಬೇಕು. ಮೂಗು ತೂರಿಸುವ ನನ್ನ ಚಾಳಿಯೂ ಅವಳಿಂದಲೇ ಬಂದದ್ದು.

ಕೊರೊನಾ ಬಂದು ಶಾಲೆ ಮುಚ್ಚಿದ ವರ್ಷ ನಾನು ಏಳನೇ ಕ್ಲಾಸು. ತಿಂಗಳುಗಟ್ಟಲೆ ಪುಸ್ತಕ ಮುಟ್ಟದೆ ಕುಳಿತ ಮೇಲೆ, ವಿಜ್ಞಾನದ ಸಾರ್ ಗುಂಡ್ಲುಪೇಟೆಯಿಂದ ಬೈಕಿನಲ್ಲಿ ಬಂದು ಬೀದಿಯಲ್ಲೇ ಪಾಠ ಶುರು ಮಾಡಿದರು. ಹತ್ತು ಮಕ್ಕಳು ದೂರದೂರ ಕೂರುವಷ್ಟು ಅಗಲ ನಮ್ಮ ಜಗಲಿಗೆ ಮಾತ್ರ ಇತ್ತು. ಮೂರನೇ ದಿನಕ್ಕೇ ಚಿಕ್ಕಪ್ಪ ಅಡ್ಡ ನಿಂತ. “ವಯಸ್ಸಾದ ಜೀವ ಅದ ಮನೇಲಿ ಸಾ. ಏನಾರ ಅಂಟ್ಕಂಡ್ರೆ ಯಾರು ನೋಡೋರು? ಬ್ಯಾರೆ ಕಡೆ ಮಾಡ್ಕಳಿ.” ಬೇರೆ ಕಡೆ ಎಲ್ಲಿ? ಮಿಕ್ಕ ಮನೆಯವರೆಲ್ಲ ಆಗಲೇ ಬೇಡವೆಂದಿದ್ದರು. ಸಾರ್ ಬೋರ್ಡು ಎತ್ತಿಕೊಂಡರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. “ಮಕ್ಳ ಯಾಕ್ಲಾ ಓಡಿಸ್ತೀಯ? ನಾನೇ ಒಳಕ್ಕ ಓಯ್ತೀನಿ ಬುಡು” ಎಂದು ಚಾಪೆ ಸುತ್ತಿಕೊಂಡು ಕೋಣೆಗೆ ಹೋಗಿ, ಕಿಟಕಿಯ ಹಿಂದೆ ಕೂತಳು. ನಾನು ಕುಣಿದಾಡಿದೆ. ಅವಳೇನು ಬಿಟ್ಟುಕೊಟ್ಟಳು ಅಂತ ಯೋಚಿಸಲೂ ಇಲ್ಲ.

ಅಯ್ಯೋ, ಅದೆಂಥಾ ಶಾಲೆ! ಒಂದು ದಿನ ಸಾರ್ ಅರಿಸಿನ ಸವರಿ ಒಣಗಿಸಿದ ಕಾಗದದ ಮೇಲೆ ಸೋಪಿನ ನೀರು ಬಿಟ್ಟರು. ಹಳದಿ ಹೋಗಿ ಕೆಂಪಾಯಿತು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಕಿಟಕಿಯಿಂದ ಅಜ್ಜಿ ನಕ್ಕಳು. “ಸುಣ್ಣ ಹಾಕುದ್ರೂ ಆಯ್ತದ ಕಣಪ್ಪ. ಆರತಿ ನೀರ ನಾವು ಇನ್ಯಾತ್ರಲ್ಲಿ ಕೆಂಪು ಮಾಡದು?” ಸಾರ್ ಕಿಟಕಿಗೇ ಕೈಮುಗಿದರು. ಅಲ್ಲಿಂದ ನಮಗೆ ಹುಚ್ಚು ಹಿಡಿಯಿತು. ಬೂದಿ ನೀರು, ಹುಣಿಸೆ ರಸ, ಅಂಬಲಿ, ಹಸುವಿನ ಗಂಜಲ, ಯಾವುದನ್ನೂ ಬಿಡಲಿಲ್ಲ. ಆಗ ಅಜ್ಜಿ ಕೇಳಿದಳು: “ಕಣ್ಣೀರ ಬುಟ್ರೆ?” ಸಾರ್ ತಲೆ ಕೆರೆದುಕೊಂಡು, “ಗೊತ್ತಿಲ್ಲ ಅಜ್ಜಿ, ನೋಡೇಬಿಡನ” ಎಂದು ಮರುದಿನ ಗುಂಡ್ಲುಪೇಟೆಯಿಂದ ಒಂದು ಚೀಲ ಸಣ್ಣ ಈರುಳ್ಳಿ ತಂದರು. ಹತ್ತೂ ಮಕ್ಕಳು ಈರುಳ್ಳಿ ಜಜ್ಜಿ ಕಣ್ಣಿಗೆ ಹಿಡಿದು ಕೂತೆವು. ಅಳು ಬರುವ ಮೊದಲೇ ನಗು ಬರುತ್ತಿತ್ತು. ಕಡೆಗೂ ಬಿದ್ದ ನಾಲ್ಕು ಹನಿಗೆ ಕಾಗದ ಹಳದಿಯಾಗಿಯೇ ಉಳಿಯಿತು. ಊರೆಲ್ಲ ಹೆದರಿಕೊಂಡಿದ್ದ ಆ ದಿನಗಳಲ್ಲಿ ನಾನು ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ.

ಕೊನೆಗೆ ಶಾಲೆ ತೆರೆಯಿತು. ಚೀಲ ಬೆನ್ನಿಗೇರಿಸಿ, ಖಾಲಿ ಜಗಲಿ ದಾಟಿ ಓಡಿದೆ. ಅಜ್ಜಿ ಒಳಗೇ ಇದ್ದಳು. ಕೂತೂ ಕೂತೂ ಮಂಡಿ ಹಿಡಿದುಹೋಗಿತ್ತು. ಹೊಸ್ತಿಲು ದಾಟಲು ಯಾರಾದರೂ ಕೈ ಕೊಡಬೇಕಿತ್ತು. ಅವಳು ಕೇಳಲಿಲ್ಲ, ನಮಗೆ ಹೊಳೆಯಲಿಲ್ಲ. ಸಂಜೆ ಮಾತ್ರ, “ಬೀದೀಲಿ ಯಾರ್ಯಾರು ಸಿಕ್ಕಿದ್ರು ಕಣಮ್ಮಿ?” ಎನ್ನುತ್ತಿದ್ದಳು. “ಯಾರೂ ಇಲ್ಲ ಬುಡಜ್ಜಿ” ಎಂದು ನಾನು ಆಟಕ್ಕೆ ಓಡುತ್ತಿದ್ದೆ.

ಮರುವರ್ಷ ಅವಳು ಆ ಕೋಣೆಯಲ್ಲೇ ತೀರಿಕೊಂಡಳು. ರೋಗ ಅವಳ ಹತ್ತಿರ ಸುಳಿಯಲಿಲ್ಲ, ವಯಸ್ಸಾಗಿತ್ತು, ಅಷ್ಟೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಬಳಿದು, ಹೂವು ಮುಡಿಸಿ, ನಾಲ್ಕು ಜನ ಎತ್ತಿ ತಂದು ಅವಳನ್ನು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂರಿಸಿದರು. ಊರವರೆಲ್ಲ ಬಂದು ಎದುರಿಗೆ ನಿಂತರು. ಬದುಕಿದ್ದಾಗ ಅವಳನ್ನು ಅಲ್ಲಿಗೆ ಕರೆತರಲು ನಾಲ್ಕು ಜನ ಬೇಕಿರಲಿಲ್ಲ. ನಾನೊಬ್ಬಳೇ ಸಾಕಿತ್ತು.